ನಿತ್ಯದ ಆಹಾರದಲ್ಲಿ ಗಂಧಕ

ಗಂಧಕವೆಂದೊಡನೆ ಬಾಣಬಿರುಸಿನ ಮದ್ದು, ಕಜ್ಜಿಯ ಮುಲಾಮು, ದ್ರಾಕ್ಷಿಯ ಬೂದಿರೋಗಕ್ಕೆ ಎರಚುವ ಪುಡಿ, ಇವೇ ಎಲ್ಲರ ನೆನಪಿಗೆ ಬರುವುವು. ಆದರೆ ಈ ಮೂಲವಸ್ತುವು ಮನುಷ್ಯನ ಕೂದಲು, ಉಗುರು, ಚರ್ಮ, ಮಾಂಸಖಂಡಗಳ ರಚನೆಗೂ ಅವಶ್ಯಕವಾದುದು. ಬೆಂದ ಮೊಟ್ಟೆಯು ತಗುಲಿದ ಬೆಳ್ಳಿಯ ಚಮಚವು ಕಪ್ಪಾಗುವುದು ಮೊಟ್ಟೆಯಲ್ಲಿರುವ ಗಂಧಕದಿಂದಲೇ.

ಗಂಧಕದ ಪುಡಿಯನ್ನು ಸೇವಿಸಿ ಈ ಅವಶ್ಯಕತೆಯನ್ನು ಪೂರೈಸಿಕೊಳ್ಳಲಾಗದು. ಸಸ್ಯಗಳು ಮಣ್ಣಿನಿಂದ ಸಲ್ಫೇಟಿನ ರೂಪದಲ್ಲಿ ಗಂಧಕವನ್ನು ಹೀರಿ, ಸಸಾರಜನಕದ ಘಟಕಗಳಾದ ಮೀಥಿಯೋನಿನ್, ಸಿಸ್ಟೀನ್ ಎಂಬ ಅಮೈನೋ ಆಮ್ಲಗಳನ್ನು ನಿರ್ಮಿಸುತ್ತವೆ. ಮೀಥಿಯೋನಿನನ್ನು ನಮ್ಮ ಶರೀರವು ತಾನಾಗಿ ಮಾಡಿಕೊಳ್ಳಲಾರದಾದುದರಿಂದ ಅದು ಆಹಾರದಿಂದಲೇ ದೊರೆಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ಇವೆರಡೂ ಸೇರಿ 15 ಮಿಲಿಗ್ರಾಂ ಬೇಕು; ಅಂದರೆ 60 ಕಿಲೋಗ್ರಾಂ ತೂಕದವರಿಗೆ 900 ಮಿಲಿಗ್ರಾಂ. ಬೆಳೆಯುವ ಮಕ್ಕಳಿಗೆ ಅವರ ತೂಕಕ್ಕೆ ಇದಕ್ಕಿಂತಲೂ ಹೆಚ್ಚಾಗಿ ಬೇಕಾಗುವುದು.

ಮೊಟ್ಟೆ, ಮೀನು, ಮಾಂಸ, ಹಾಲುಗಳಲ್ಲಿ ಇವು ಸಮೃದ್ಧವಾಗಿವೆ. ಒಂದು ಕೋಳಿಮೊಟ್ಟೆಯಿಂದಲೇ ಸುಮಾರು 300 ಮಿಲಿಗ್ರಾಂ ದೊರೆಯುವುದು. ತೊಗರಿ, ಹುರುಳಿ, ಅವರೆ ಮೊದಲಾದ ಕಾಳುಗಳಲ್ಲಿ ಸಸಾರಜನಕವು ಹೇರಳವಾಗಿದ್ದರೂ ಅದರಲ್ಲಿ ಗಂಧಕಯುಕ್ತ ಭಾಗವು ಕಡಮೆ. ರಾಗಿ, ಅಕ್ಕಿಗಳಲ್ಲಿ ಆ ಭಾಗವು ಉತ್ತಮವಾಗಿದ್ದು, ಲೈಸಿನ್ ಎಂಬ ಬೇರೊಂದು ಘಟಕವು ಕಡಮೆ. ಅದು ಕಾಳುಗಳಲ್ಲಿ ಹೆಚ್ಚಾಗಿರುವುದು. ಆದುದರಿಂದ ಮುದ್ದೆಗೆ ಕಾಳಿನ ಸಾರು ಸೇರಿದಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುವುದು. ಎಳ್ಳಿನಲ್ಲಿಯೂ ಮೀಥಿಯೋನಿನ್ ಹೆಚ್ಚಾಗಿರುವುದರಿಂದ ಎಳ್ಳಿನ ಚಟ್ನಿಪುಡಿಯು ಉಪಯುಕ್ತವಾದುದು. ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ಮೂಲಂಗಿ, ಕೋಸುಗಳ ಘಾಟಿಗೂ ಗಂಧಕವೇ ಮೂಲವಾದರೂ, ಇವು ಸಸಾರಜನಕದ ಸ್ಥಾನವನ್ನು ತುಂಬಲಾರವು.

ಅನ್ನದ ಗಂಧಕವು ಮೊದಲು ಹೊಲದ ಗಂಧಕವೆಂಬುದನ್ನು ಭೂಮಾಲಿಕರು ಗಮನಿಸಬೇಕು. ಯೂರಿಯಾದಲ್ಲಾಗಲಿ ಡಿ.ಎ.ಪಿ.ಯಲ್ಲಾಗಲಿ ಗಂಧಕವಿಲ್ಲ. ಹಲವು ವರ್ಷ ಇವನ್ನೇ ಹಾಕಿ, ಕೊಟ್ಟಿಗೆ ಗೊಬ್ಬರವನ್ನು ಮರೆತ ನೆಲದಲ್ಲಿ ಗಂಧಕವು ಕ್ಷೀಣಿಸಬಹುದು. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆಗಳು ಮೊದಲು ಹಳದಿಯಾದರೆ, ಗಂಧಕದ ಕೊರತೆಯಲ್ಲಿ ಎಳೆಯ ಎಲೆಗಳು ಮೊದಲು ಹಳದಿಯಾಗುವುವು. ಮಣ್ಣು ಪರೀಕ್ಷೆಯಿಂದ ಕೊರತೆಯು ದೃಢಪಟ್ಟಲ್ಲಿ ಜಿಪ್ಸಂ ಅಥವಾ ಶೇಕಡಾ ಸುಮಾರು 11 ಭಾಗ ಗಂಧಕವುಳ್ಳ ಸಿಂಗಲ್ ಸೂಪರ್ ಫಾಸ್ಫೇಟನ್ನು ಉಪಯೋಗಿಸಬಹುದು.

ಬೆಳೆದ ಕಾಳೆಲ್ಲವೂ ಸಂತೆಗೆ ಹೋಗಿ, ದುಡಿಯುವವರ ಮನೆಯಲ್ಲಿ ಹಿಟ್ಟು ಮೆಣಸಿನಕಾಯಿಗಳು ಮಾತ್ರ ಉಳಿದರೆ, ಅದರ ನಷ್ಟವು ಮಕ್ಕಳ ಬೆಳವಣಿಗೆಯಲ್ಲಿ ಕಾಣುವುದು. ಆದಕಾರಣ ರಾಗಿಯ ಹೊಲದಲ್ಲಿ ಅವರೆ, ತೊಗರಿಗಳ ಸಾಲುಗಳನ್ನಿಡುವ ಹಿಂದಿನ ಪದ್ಧತಿಯನ್ನು ಬಿಡದೆ, ಊಟಕ್ಕೆ ಬೇಕಾದಷ್ಟನ್ನು ಊರಿನಲ್ಲಿಯೇ ಉಳಿಸಿಕೊಳ್ಳುವಂತೆ ಗ್ರಾಮದ ಮುಖಂಡರು ನೋಡಿಕೊಳ್ಳುವುದು ಶ್ರೇಯಸ್ಕರ.