ಬಾಕು ಯುರೋಪಿನದು, ಹದ ಕುಲುಮೆಯದು

'ಮಧ್ಯಯುಗದ ಯುರೋಪಿನ ಬಾಕು, ಕೈಯಲ್ಲೇ ಮಾಡಿದ್ದು' ಅಂತ ಮಾರಾಟಕ್ಕಿರುವ ಪ್ರತಿಕೃತಿಗಳನ್ನು ನೀವೂ ನೋಡಿರ್ತೀರಿ. ಅವುಗಳಲ್ಲಿ ಎಷ್ಟೋ ತಯಾರಾಗುವುದು ನಮ್ಮ ದೇಶದಲ್ಲೇ. 1943ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದ ವಿಂಡ್‌ಲಾಸ್ ಕಂಪನಿ ಇಂಥ ಕತ್ತಿ, ಬಾಕುಗಳನ್ನು ವಿದೇಶಗಳಿಗೆ ಕಳಿಸುತ್ತದೆ. ಆದರೆ ನೋಡೋಕೆ ಒಂದೇ ಥರ ಇರುವ ಎರಡು ಬಾಕುಗಳಲ್ಲಿ ಒಂದು ಬರೀ ಗೋಡೆಯ ಅಲಂಕಾರ ಆಗಿರಬಹುದು. ಪತ್ತೆ ಹಚ್ಚೋದು ಹೇಗೆ?

ರಾಂಡೆಲ್ ಬಾಕನ್ನೇ ತಗೊಳ್ಳೋಣ. 14-15ನೇ ಶತಮಾನದ ಯೋಧರು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದದ್ದು. ಹಿಡಿಯ ಎರಡೂ ತುದಿಗೆ ದುಂಡನೆಯ ಬಿಲ್ಲೆ. ಅಲುಗು ಕಿರಿದು, ಆದರೆ ದಪ್ಪ. ಕೊಯ್ಯುವುದಕ್ಕಿಂತ ಹೆಚ್ಚಾಗಿ, ಕವಚದ ಸಂದಿನಲ್ಲಿ ಚುಚ್ಚಲಿಕ್ಕೆ ಇದ್ದದ್ದು. ಕೆಳಗಿನ ಬಿಲ್ಲೆ ಕೈ ಜಾರದಂತೆ ತಡೆದರೆ, ಮೇಲಿನದರ ಮೇಲೆ ಇನ್ನೊಂದು ಅಂಗೈ ಇಟ್ಟು ಒತ್ತಬಹುದು. ಅಷ್ಟು ಭಾರ ಬಿದ್ದಾಗ ಮುರಿಯುವ ಜಾಗ ಅಲುಗಲ್ಲ, ಹಿಡಿಯೊಳಗೆ ಅಡಗಿರುವ ಅದರ ಬಾಲ. ಅಗ್ಗದ ಮಾಲಿನಲ್ಲಿ ಅಲ್ಲಿ ಒಂದು ತೆಳು ಬೋಲ್ಟ್ ವೆಲ್ಡ್ ಮಾಡಿರುತ್ತಾರೆ, ಅಷ್ಟೇ! ಒಳ್ಳೆಯದರಲ್ಲಿ ಅಲುಗು, ಬಾಲ ಎರಡೂ ಒಂದೇ ಉಕ್ಕಿನ ತುಂಡು.

ಇನ್ನೊಂದು ಗುಟ್ಟು ಹದ. ಇದನ್ನು ತಿಳಿಯೋಕೆ ಡೆಹ್ರಾಡೂನಿಗೆ ಹೋಗಬೇಕಿಲ್ಲ. ನಮ್ಮ ಬಳಗದ ಗೆಳೆಯರೊಬ್ಬರ ಊರು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ, ಸಂತ ಸೇವಾಲಾಲರ ಜನ್ಮಸ್ಥಳ. ಆ ಕಡೆಯ ರೈತರ ಕೈಲಿರುವ ಮಚ್ಚು ಎಷ್ಟೋ ಸಲ ಹಳೇ ಲಾರಿಯ ಕಮಾನು ಪಟ್ಟಿಯಿಂದ ಬಂದದ್ದು. ವಿದೇಶದ ಎಷ್ಟೋ ಪ್ರತಿಕೃತಿಕಾರರು ದುಡ್ಡು ಕೊಟ್ಟು ಕೊಳ್ಳುವ ಸ್ಪ್ರಿಂಗ್ ಸ್ಟೀಲೂ ಅದೇ ಜಾತಿಯದು, ಇಂಗಾಲ ಸುಮಾರು ಶೇ. 0.6. ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ ಅಯಸ್ಕಾಂತ ಅಂಟುವುದು ನಿಲ್ಲುತ್ತದೆ. ಅದರ ಮೇಲೆ ಇನ್ನೂ ಸ್ವಲ್ಪ ಕಾಯಿಸಿ ಎಣ್ಣೆಗೆ ಅದ್ದಿದರೆ ಅಲುಗು ಗಾಜಿನಂತೆ ಗಡುಸಾಗುತ್ತದೆ, ಬಿದ್ದರೆ ಒಡೆಯಲೂಬಹುದು. ಮತ್ತೆ 250-300 ಡಿಗ್ರಿವರೆಗೆ ಕಾಯಿಸಿದಾಗಲೇ ಬಾಗಿ ಹಿಂದಕ್ಕೆ ಬರುವ ಗುಣ. ನಾವು ಲ್ಯಾಬಿನಲ್ಲಿ ಮೀಟರ್ ನೋಡಿ ಮಾಡುವ ಈ ಕೆಲಸವನ್ನು ಕಮ್ಮಾರರು ಉಕ್ಕಿನ ಮೇಲೆ ಹಳದಿ, ಕಂದು, ನೀಲಿ ಬಣ್ಣ ಏರುವುದನ್ನು ನೋಡಿ ಮಾಡುತ್ತಾರೆ. (ಕಾನೂನು ಮಾತ್ರ ಬೇರೆ ಬೇರೆ: ಮಚ್ಚು ಕೃಷಿ ಸಾಧನ, ಬಾಕು ಆಯುಧ.)

'ಡಮಾಸ್ಕಸ್' ಅಂತ ಮಾರುವ ಅಲೆಯಲೆ ಗೆರೆಗಳ ಬಾಕುಗಳ ಬಗ್ಗೆಯೂ ಒಂದು ಮಾತು. ಈಗಿನವು ಸಾಮಾನ್ಯವಾಗಿ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ಆಮ್ಲದಲ್ಲಿ ಅದ್ದಿದವು. ಹಳೆಯ ಅಲುಗುಗಳಲ್ಲಿ ಗೆರೆ ಮೂಡುತ್ತಿದ್ದದ್ದು ಮೂಸೆಯಲ್ಲಿ ಕರಗಿಸಿದ ಒಂದೇ ಉಕ್ಕಿನ ಒಳಗಿನಿಂದ. ಆ 'ವೂಟ್ಜ್' ಎಂಬ ಹೆಸರೇ ನಮ್ಮ 'ಉಕ್ಕು' ಪದದಿಂದ ಬಂದದ್ದು ಅನ್ನುತ್ತಾರೆ. ಆದರೆ ಅದನ್ನು ಮಾಡುವ ವಿದ್ಯೆ ಕೈಯಿಂದ ಕೈಗೆ ದಾಟದೆ ತಪ್ಪಿಹೋಯಿತು. 1998ರಲ್ಲಿ ಅಮೆರಿಕದ ವೆರ್ಹೋವನ್ ಮತ್ತು ಪೆಂಡ್ರೆ, ಅದಿರಿನಲ್ಲಿದ್ದ ವನೇಡಿಯಂನಂಥ ಧಾತುಗಳ ಚಿಟಿಕೆಯಷ್ಟು ಅಂಶವೇ ಆ ಗೆರೆಗಳಿಗೆ ಕಾರಣ ಅಂತ ತೋರಿಸಬೇಕಾಯಿತು.

ರಾಂಡೆಲ್ ಬಾಕನ್ನು ಇವತ್ತು ಮತ್ತೆ ಮಾಡೋಕೆ ಆಗುವುದು ಲಂಡನ್ನಿನ ವಾಲೇಸ್ ಕಲೆಕ್ಷನ್ನಿನಂಥ ಮ್ಯೂಸಿಯಂಗಳು ಅಲುಗಿನ ಉದ್ದ, ತೂಕ ಬರೆದಿಟ್ಟಿರುವುದರಿಂದ. ನಮ್ಮ ಕುಡುಗೋಲು, ಮಚ್ಚು, ಕೊಡಗಿನ ಪೀಚೆಕತ್ತಿಗಳನ್ನೂ ಹೀಗೆ ಅಳೆದು, ತೂಗಿ, ಹದದ ಬಣ್ಣದ ಸಮೇತ ಬರೆದಿಡಬೇಕು ಅಂತ ನಮ್ಮ ಆಸೆ. ನಿಮ್ಮೂರಲ್ಲಿ ತಿದಿ ಇನ್ನೂ ಊದುತ್ತಿರುವ ಕುಲುಮೆ ಇದ್ದರೆ ಹೇಳಿ. ಸ್ಕೇಲು, ತಕ್ಕಡಿ, ಒಂದು ಅಯಸ್ಕಾಂತ ಹಿಡಿದು ನಾವೇ ಬರ್ತೀವಿ.