ಗೋಧಿ ಒಗ್ಗದವರಿಗೆ ನಮ್ಮ ಹೊಲದ ಹಿಟ್ಟು

ಗೋಧಿ ಒಳ್ಳೆಯ ಆಹಾರ. ಆದರೆ ಕೆಲವರ ಕರುಳಿಗೆ ಅದು ಒಗ್ಗುವುದಿಲ್ಲ. ಮಗುವಿಗೆ ತಿಂಗಳುಗಟ್ಟಲೆ ಭೇದಿ, ಉಬ್ಬಿದ ಹೊಟ್ಟೆ, ಸಣಕಲು ಕೈಕಾಲು. ಕಬ್ಬಿಣಾಂಶದ ಗುಳಿಗೆ ಕೊಟ್ಟರೂ ರಕ್ತಹೀನತೆ ಹೋಗದು. ದೃಷ್ಟಿಯೆಂದೋ ಜಂತುಹುಳವೆಂದೋ ಮನೆಯವರು ವರ್ಷ ಕಳೆಯುತ್ತಾರೆ. ಇದಕ್ಕೆ ಸೀಲಿಯಾಕ್ ರೋಗವೂ ಕಾರಣವಾಗಿರಬಹುದು. ಖಾನಾಪುರ, ಬೆಳಗಾವಿ ಭಾಗದ ರೈತ ಬಂಧುಗಳು ಇದನ್ನು ಅರಿತಿರಬೇಕು. ಏಕೆಂದರೆ ಇದರ ಪಥ್ಯ ನಮ್ಮ ಹೊಲಗಳಲ್ಲಿಯೇ ಬೆಳೆಯುತ್ತದೆ.

ರೋಗವೇನು?

ಗೋಧಿಯ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಕೊನೆಗೆ ರಬ್ಬರಿನಂಥ ಮುದ್ದೆ ಉಳಿಯುತ್ತದೆ. ಇದೇ ಗ್ಲುಟೆನ್ ಎಂಬ ಸಸಾರಜನಕ. ಹೋಳಿಗೆಯ ಕಣಕ ಹರಿಯದೆ ಹಿಗ್ಗುವುದೂ ಪಾವ್ ಉಬ್ಬುವುದೂ ಇದರಿಂದಲೇ. ಬಾರ್ಲಿ, ರೈ ಧಾನ್ಯಗಳಲ್ಲಿಯೂ ಇದು ಉಂಟು. ಈ ರೋಗವುಳ್ಳವರು ಇದನ್ನು ತಿಂದರೆ ದೇಹದ ರಕ್ಷಣಾಶಕ್ತಿಯೇ ಸಣ್ಣ ಕರುಳಿಗೆ ಹಾನಿ ಮಾಡುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ.

ಹಾಲೆಂಡಿನ ಮಕ್ಕಳ ವೈದ್ಯ ವಿಲೆಮ್ ಡಿಕ್ಕೆ ಅವರಿಗೆ ಗೋಧಿಯ ಮೇಲೆ ಮೊದಲೇ ಸಂಶಯವಿತ್ತು. 1944-45ರ ಯುದ್ಧಕಾಲದ ಬರದಲ್ಲಿ ಬ್ರೆಡ್ ಸಿಗದಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಅವರು ಇದನ್ನು ಬರೆದು ತಿಳಿಸಿದರು.

2016ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಉತ್ತರ ಭಾರತದ ವಯಸ್ಕರಲ್ಲಿ ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು, ದಕ್ಷಿಣದಲ್ಲಿ ಸಾವಿರಕ್ಕೆ ಸುಮಾರು ಒಬ್ಬರಲ್ಲಿ ಈ ರೋಗವಿತ್ತು. ಕರುಳು ಕೆಡದೆಯೇ ಗೋಧಿಯಿಂದ ಹೊಟ್ಟೆಯುಬ್ಬರವಾಗುವವರು ಬೇರೆ. ಉಳಿದವರು ಗೋಧಿ ಬಿಡಬೇಕಾದ ಕಾರಣವಿಲ್ಲ.

ಮೊದಲು ಪರೀಕ್ಷೆ

ಸಂಶಯ ಬಂದ ಕೂಡಲೇ ಗೋಧಿ ನಿಲ್ಲಿಸಬೇಡಿರಿ. ನಿಲ್ಲಿಸಿದರೆ ರಕ್ತಪರೀಕ್ಷೆಯಲ್ಲಿ ರೋಗ ಕಾಣದೆ ಹೋಗಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಹೋಗಿರಿ. ರಕ್ತಪರೀಕ್ಷೆಯ ನಂತರ ಕರುಳಿನ ಚೂರು ತೆಗೆದು ನೋಡುವುದೂ ಉಂಟು. ರೋಗ ಖಚಿತವಾದರೆ ಪಥ್ಯ ಜೀವಮಾನದ್ದು.

ಏನು ತಿನ್ನಬಹುದು?

ಅಕ್ಕಿ, ಜೋಳ, ಗೋವಿನಜೋಳ, ರಾಗಿ, ಸಜ್ಜೆ, ನವಣೆ, ಬೇಳೆಕಾಳು, ಹಾಲು, ತತ್ತಿ ಎಲ್ಲವೂ ಸಲ್ಲುತ್ತವೆ. ಖಾನಾಪುರದ ಭತ್ತ, ಎರೆ ಹೊಲದ ಜೋಳ ಇದ್ದವರಿಗೆ ಕೊರತೆಯಿಲ್ಲ. ರವೆ, ಮೈದಾ, ಗೋಧಿ ಶಾವಿಗೆ, ಬಿಸ್ಕತ್ತು ಸಲ್ಲವು. ಡಬ್ಬಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆತಿರುವುದುಂಟು, ಚೀಟಿ ಓದಿರಿ.

ಖಪ್ಲಿ, ಸದಕ ಎಂದು ಕರೆಯುವ ಜವೆ ಗೋಧಿ ಈ ರೋಗಿಗಳಿಗೆ ಆಗುತ್ತದೆಂದು ಕೆಲವರು ಹೇಳುತ್ತಾರೆ. ಇದು ತಪ್ಪು. ಅದೂ ಗೋಧಿಯ ಜಾತಿಯೇ. ಅದರಲ್ಲಿಯೂ ಗ್ಲುಟೆನ್ ಇದೆ. ಅದನ್ನು ಬೆಳೆದು ಮಾರುವವರು ಗಿರಾಕಿಗೆ ನಿಜ ಹೇಳಬೇಕು.

ಗಿರಣಿಯ ಎಚ್ಚರಿಕೆ

ಗೋಧಿ ಬೀಸಿದ ಗಿರಣಿಯಲ್ಲಿ ಜೋಳ ಬೀಸಿದರೆ ಗೋಧಿ ಹಿಟ್ಟು ಬೆರೆಯುತ್ತದೆ. ನಮ್ಮ ದೇಶದ ನಿಯಮದಂತೆ ಗ್ಲುಟೆನ್ ಇಲ್ಲವೆಂದು ಬರೆಯಬೇಕಾದರೆ ಕಿಲೋ ಪದಾರ್ಥದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು. ಒಂದು ಚಿಟಿಕೆ ಗೋಧಿ ಹಿಟ್ಟಿನಲ್ಲಿಯೇ ಅದಕ್ಕಿಂತ ಹೆಚ್ಚಿರಬಹುದು. ರೋಗಿಯ ಕಾಳನ್ನು ಮನೆಯ ಬೀಸುವ ಕಲ್ಲಿನಲ್ಲಿ ಬೇರೆಯಾಗಿ ಬೀಸುವುದು ಮೇಲು. ಆ ಕಲ್ಲಿಗೆ ಗೋಧಿ ಹಾಕಬಾರದು. ಜರಡಿ, ಲಟ್ಟಣಿಗೆಯೂ ಬೇರೆಯಿರಲಿ.

ಮನೆಯಲ್ಲಿ ಕೇಕಿನ ಹಿಟ್ಟು

ಪೇಟೆಯ ಸಿದ್ಧ ಮಿಶ್ರಣಗಳು ದುಬಾರಿ. ಮನೆಯಲ್ಲಿಯೇ ಅಕ್ಕಿ ಹಿಟ್ಟು 2 ಪಾಲು, ಜೋಳದ ಹಿಟ್ಟು 1 ಪಾಲು, ಆಲೂಗಡ್ಡೆ ಪಿಷ್ಟ 1 ಪಾಲು ಕೂಡಿಸಿರಿ. ಅಂಟಿಲ್ಲದ್ದರಿಂದ ಕೇಕು ಪುಡಿಯಾಗುತ್ತದೆ. ಆದ್ದರಿಂದ 250 ಗ್ರಾಂ ಹಿಟ್ಟಿಗೆ 2 ಚಹಾ ಚಮಚ ಇಸಬಗೋಲ ಸೇರಿಸಿರಿ; ತತ್ತಿ ತಿನ್ನುವವರು ತತ್ತಿಯನ್ನೂ ಹಾಕಬಹುದು. ಹಿಟ್ಟನ್ನು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಕಾಲು ತಾಸು ಬಿಟ್ಟು, ಬಳಿಕ ಬೇಕಿಂಗ್ ಪೌಡರ್ ಬೆರೆಸಿ ಬೇಯಿಸಿರಿ. ಜೋಳದ ಹಿಟ್ಟಿಗೆ ಎಸರಿನ ನೀರು ಹಾಕಿ ಜಿಗಿ ಬರಿಸುವ ನಮ್ಮ ತಾಯಂದಿರಿಗೆ ಈ ಹದ ಕಷ್ಟವಲ್ಲ. ಮೊದಲ ಕೇಕು ಒಡೆದರೆ ಬೇಸರ ಬೇಡ. ನೀರು, ಇಸಬಗೋಲ ಹೆಚ್ಚುಕಡಿಮೆ ಮಾಡಿ ನೋಡಿರಿ.

ಅಂಥ ಮಗು ಊರಲ್ಲಿದ್ದರೆ ಶಾಲೆಯವರಿಗೂ ಅಂಗನವಾಡಿಯವರಿಗೂ ನೆರೆಯವರಿಗೂ ತಿಳಿಸಿರಿ. ಪ್ರೀತಿಯಿಂದ ಕೊಟ್ಟ ಒಂದು ಬಿಸ್ಕತ್ತೂ ಅದಕ್ಕೆ ಕೇಡು.