ಹಳೇ ಮೆಮೊರಿ ಕಾರ್ಡ್ ಹೊಸ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲವೇ? ‘ಫಾರ್ಮ್ಯಾಟ್’ ಒತ್ತುವ ಮುನ್ನ ಓದಿ

‘ಹಳೇ ಕ್ಯಾಮೆರಾದ ಕಾರ್ಡ್ ಹೊಸ ವಿಂಡೋಸ್‌ನಲ್ಲಿ ನಡೆಯುವುದಿಲ್ಲ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ?

ಮೊದಲ ಮಾತು ಬಹುಪಾಲು ತಪ್ಪು. ಎರಡನೆಯದು ಅಪಾಯಕಾರಿ.

ಕಾರಣವೇನು?
ಕ್ಯಾಮೆರಾಗಳು ಫೋಟೊಗಳನ್ನು ಸಾಮಾನ್ಯವಾಗಿ ‘ಫ್ಯಾಟ್’ ಎಂಬ ವ್ಯವಸ್ಥೆಯಲ್ಲಿ ಜೋಡಿಸಿಡುತ್ತವೆ. ವಿಂಡೋಸ್ 11 ಕೂಡ ಇದನ್ನು ಓದಬಲ್ಲದು. ತೊಡಕು ಹೆಚ್ಚಾಗಿ ಇರುವುದು ಕಾರ್ಡ್ ರೀಡರ್‌ನಲ್ಲಿ. ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ 2002ರಲ್ಲಿ ತಂದ ಎಕ್ಸ್‌ಡಿ ಕಾರ್ಡನ್ನೇ ನೋಡಿ. ಅದರೊಳಗೆ ನಿಯಂತ್ರಕ ಚಿಪ್ ಇಲ್ಲ, ಆ ಕೆಲಸವನ್ನು ರೀಡರೇ ಮಾಡಬೇಕು. ಎಸ್‌ಡಿ ಕಾರ್ಡಿಗಷ್ಟೇ ಇರುವ ರೀಡರ್‌ಗೆ ಅದು ಸಾಧ್ಯವಿಲ್ಲ. ಹಾಗೆಯೇ, ತೀರಾ ಹಳೆಯ ರೀಡರ್‌ಗೆ 2006ರ ನಂತರದ ಎಸ್‌ಡಿಎಚ್‌ಸಿ ಕಾರ್ಡ್ ಅರ್ಥವಾಗುವುದಿಲ್ಲ. ಆಗ ಕಾರ್ಡ್ ಚೆನ್ನಾಗಿದ್ದರೂ ‘ಫಾರ್ಮ್ಯಾಟ್ ಮಾಡಿ’ ಎಂಬ ಸಂದೇಶ ಬರಬಹುದು.

ಸುಳ್ಯದ ಆಲೆಟ್ಟಿಯಂಥ ಮಳೆ ಹೆಚ್ಚಿರುವ ಊರುಗಳಲ್ಲಿ ಇನ್ನೊಂದು ಕಾರಣವೂ ಇರಬಹುದು: ಕಪಾಟಿನಲ್ಲಿಟ್ಟ ಕಾರ್ಡಿನ ಲೋಹದ ಪಟ್ಟಿಗಳಿಗೆ ತೇವದಿಂದ ಹಿಡಿದ ಕೊಳೆ.

ಏನು ಮಾಡಬೇಕು?
• ಪಟ್ಟಿಗಳನ್ನು ಒಣ ಮೆತ್ತನೆ ಬಟ್ಟೆಯಿಂದ ಮೆಲ್ಲಗೆ ಒರೆಸಿ.
• ಎಸ್‌ಡಿ ಕಾರ್ಡಾದರೆ ಪಕ್ಕದ ‘ಲಾಕ್’ ಗುಂಡಿ ಸರಿಸಿ.
• ಕ್ಯಾಮೆರಾ ಇನ್ನೂ ಚಾಲೂ ಇದ್ದರೆ ಕಾರ್ಡನ್ನು ಅದರಲ್ಲೇ ಇಟ್ಟು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ.
• ಇಲ್ಲವಾದರೆ ಆ ಬಗೆಯ ಕಾರ್ಡಿಗೆ ಹೊಂದುವ ರೀಡರ್ ಹುಡುಕಿ.

ಈಗಾಗಲೇ ಫಾರ್ಮ್ಯಾಟ್ ಒತ್ತಿಬಿಟ್ಟಿದ್ದರೆ ಆ ಕಾರ್ಡಿಗೆ ಹೊಸದೇನನ್ನೂ ತುಂಬಬೇಡಿ. ರಿಕವರಿ ಸಾಫ್ಟ್‌ವೇರ್‌ನಿಂದ ಫೋಟೊಗಳು ಸಿಗುವ ಸಾಧ್ಯತೆ ಉಳಿದಿರುತ್ತದೆ.

ನಾವು ಹೇಳುವುದಿಷ್ಟೇ: ಈಗ ಇಲ್ಲದ ಅಜ್ಜಿಯ ಫೋಟೊ ಇರುವುದು ಆ ಒಂದು ಕಾರ್ಡಿನಲ್ಲಿ ಮಾತ್ರ ಆಗಿರಬಹುದು. ಅದರ ನಕಲು ಕೈಗೆ ಬರುವ ತನಕ ಫಾರ್ಮ್ಯಾಟ್ ಬೇಡ.